ಮೂರನೆಯ ಅಂಕದ ಬಾಗಿಲು

ನಮ್ಮ ಮನೆಯ ಬಾಗಿಲು ಬಡಿದವರಿಗೆಲ್ಲ ನನ್ನ ಮೇಲೆ ಒಂದು ಸಿಟ್ಟಿದೆ. ಗ್ಯಾಸ್ ಸಿಲಿಂಡರ್ ತಂದುಕೊಡುವವನು ಮೊನ್ನೆ ಮುಖಕ್ಕೇ ಹೇಳಿಬಿಟ್ಟ: "ಏನ್ರಿ ಅಕ್ಕಾರ, ಬಾಗಲದ ಹಿಂದ ಬಂದ ನಿಂತಿರ್ತೀರಿ, ಬಳಿ ಸಪ್ಪಳ ಕೇಳಸ್ತೈತಿ, ಆದ್ರೂ ತಗಿಯಂಗಿಲ್ಲ. ನಾ ಏನ ಕಳ್ಳ ಅದೀನೇನ್ರಿ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಬಾಗಿಲು ಬಡಿದ ಕೂಡಲೇ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗುತ್ತೇನೆ. ಚಿಲಕದ ಮೇಲೆ ಕೈಯನ್ನೂ ಇಡುತ್ತೇನೆ. ಆಮೇಲೆ ಹಾಗೇ ನಿಂತುಬಿಡುತ್ತೇನೆ, ಇನ್ನೊಂದು ಸಲ ಬಡಿಯಲಿ ಎಂದು. ನಮ್ಮ ಮನೆಯವರು ಬೇಸತ್ತು ಕರೆಗಂಟೆ ಹಾಕಿಸಿದರು. ಈಗ ಅದೂ ಎರಡು ಸಲ ಬಾರಿಸಬೇಕು. "ಮಕ್ಕಳಿಗೆ ವಿಜ್ಞಾನ ಕಲಸ್ತೀ ಅಂತ ಹೊರಗ ಯಾರ ಮುಂದೂ ಹೇಳಬ್ಯಾಡ ಮಾರಾಯ್ತಿ" ಎನ್ನುತ್ತಾರೆ ಅವರು.

ಇದು ಅಜ್ಜಿಯಿಂದ ಬಂದದ್ದು ಎಂದು ನಮ್ಮ ಅತ್ತೆಯವರ ನಂಬಿಕೆ. ಹೊಂಬಳದಲ್ಲಿದ್ದ ನನ್ನ ಅಜ್ಜಿ ಮುಸ್ಸಂಜೆಯ ಹೊತ್ತು ಯಾರಾದರೂ ಹೊರಗಿನಿಂದ ಕರೆದರೆ ಮೊದಲ ಸಲಕ್ಕೆ ಓ ಅನ್ನುತ್ತಿರಲಿಲ್ಲ. ನಮಗೂ ಬಿಡುತ್ತಿರಲಿಲ್ಲ. "ಮನಷ್ಯಾರಾದ್ರ ಇನ್ನೊಂದ ಸಲ ಕರೀತಾರ, ಸುಮ್ನ ಕುಂದರು" ಎಂದು ನನ್ನ ಬಾಯಿ ಮುಚ್ಚುತ್ತಿದ್ದಳು. ಒಮ್ಮೆ ಅಸುಂಡಿಯಿಂದ ಅವಳ ಸ್ವಂತ ತಮ್ಮನೇ ಬಂದಿದ್ದ. ಬಲು ಕಡಿಮೆ ಮಾತಿನ ಮನುಷ್ಯ. "ಅಕ್ಕಾ" ಎಂದು ಒಂದೇ ಸಲ ಕರೆದು, ಉತ್ತರ ಬಾರದ್ದಕ್ಕೆ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತುಬಿಟ್ಟ. ದೀಪ ಹಚ್ಚಲು ಹೊರಬಂದ ಅಜ್ಜಿ ಕತ್ತಲಲ್ಲಿ ಅವನನ್ನು ಕಂಡು ಚೀರಿದ್ದಕ್ಕೆ ಓಣಿಯೆಲ್ಲ ಕೂಡಿತ್ತು. ಆ ಮನುಷ್ಯ ಮುಂದೆ ಎಂದೂ ಸಂಜೆ ಹೊತ್ತು ನಮ್ಮ ಮನೆಗೆ ಬರಲಿಲ್ಲ.

ಆದರೆ ಈ ಚಟ ನನಗೆ ಅಜ್ಜಿಯಿಂದ ಬಂದದ್ದಲ್ಲ. ನಲವತ್ತು ದಾಟಿದ ಮೇಲೆ, ಬೆಟಗೇರಿಯಲ್ಲಿ, ನಾಟಕದ ದೆಸೆಯಿಂದ ಬಂದದ್ದು. ಅದನ್ನೇ ನಿಮಗೆ ಹೇಳಬೇಕು.

ನಾಟಕವೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ನಾನು ಬೆಳೆದದ್ದು ಲಕ್ಷ್ಮೇಶ್ವರದಲ್ಲಿ. ಅಪ್ಪನದು ಕಾಳಿನ ಅಂಗಡಿ. ಜೋಳದ ಚೀಲಗಳ ಮೇಲೆ ಹತ್ತಿ ನಿಂತು ಸೆರಗು ಬೀಸಿ ರಾಣಿಯಾಗುವುದು, ಇಳಿಯುವಾಗ ಧೂಳಿಗೆ ಸೀನುವುದು, ಇದು ನನ್ನ ಮೊದಲ ರಂಗಭೂಮಿ. ಸುಗ್ಗಿ ಮುಗಿದ ಮೇಲೆ ಅಪ್ಪ ನಮ್ಮನ್ನೆಲ್ಲ ಬಸ್ಸು ಹತ್ತಿಸಿ ಗದಗಿನಲ್ಲಿ ಕಂಪನಿ ನಾಟಕಕ್ಕೆ ಕರೆದೊಯ್ಯುತ್ತಿದ್ದರು. ಮಂಡಕ್ಕಿಯ ಗಿರಮಿಟ್ಟಿನ ಪೊಟ್ಟಣ ಮಡಿಲಲ್ಲಿ ಬಿಸಿಯಾಗಿ ಕೂತಿರುತ್ತಿತ್ತು. ಅಂಥ ಒಂದು ಆಟದಲ್ಲಿ ನಾಯಕಿ ಕನ್ನಡಿಯ ಮುಂದೆ ಕೂದಲು ಬಾಚಿಕೊಳ್ಳುತ್ತ ಹಾಡುತ್ತಿದ್ದಳು. ಮಂಚದ ಹಿಂದೆ ಒಬ್ಬ ಚೂರಿ ಹಿಡಿದು ಕೂತಿದ್ದ. ನಮಗೆಲ್ಲ ಕಾಣುತ್ತಿದ್ದ, ಅವಳಿಗೆ ಮಾತ್ರ ಕಾಣುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಬೆಂಚಿನ ಮೇಲೆ ನಿಂತು, "ಹಿಂದ ನೋಡಬೇ! ಮಂಚದ ಹಿಂದ ಅದಾನ!" ಎಂದು ಕಿರುಚಿದೆ. ಅವಳು ಬಾಚುತ್ತಲೇ ಇದ್ದಳು. ಇಷ್ಟು ದೊಡ್ಡ ದನಿ ಕೇಳದ ಕಿವುಡಿಯನ್ನು ಕಂಪನಿಯವರು ಯಾಕೆ ಇಟ್ಟುಕೊಂಡಿದ್ದಾರೆಂದು ಬಸ್ಸಿನಲ್ಲಿ ಅತ್ತುಬಿಟ್ಟೆ. ಅಪ್ಪ ನಕ್ಕು, "ಆಕಿಗೆ ಕೇಳಿಸ್ತಂದ್ರ ನಾಟಕಾನ ಮುಗದಹೋಗ್ತೈತಲ್ಲವಾ" ಅಂದರು. ನಾಟಕದ ಬಗ್ಗೆ ಇದಕ್ಕಿಂತ ಹೆಚ್ಚಿನದೇನನ್ನೂ ನಾನು ಕಾಲೇಜಿನಲ್ಲಿ ಕಲಿತ ನೆನಪಿಲ್ಲ.

ಮದುವೆಯಾಗಿ ಬೆಟಗೇರಿಗೆ ಬಂದೆ. ನಮ್ಮ ಓಣಿಯಲ್ಲಿ ಹೆಂಗಸರದೊಂದು ಮಂಡಳವಿದೆ. ಹಪ್ಪಳ, ಭಜನೆ, ವರ್ಷಕ್ಕೊಂದು ಪ್ರವಾಸ, ಇಷ್ಟರಲ್ಲೇ ಸುಖವಾಗಿದ್ದವರಿಗೆ ಕೆಲವು ವರ್ಷಗಳ ಹಿಂದೆ ನಾಟಕ ಆಡಬೇಕೆನಿಸಿತು. ಕಲಿಸಲು ಸಿಕ್ಕವಳು ತುಳಸಕ್ಕ. ಅವಳು ಹರೆಯದಲ್ಲಿ ನಾಟಕ ಕಂಪನಿಗಳಲ್ಲಿ ನಾಯಕಿಯಾಗಿ ಮೆರೆದವಳು. ಈಗ ಎಪ್ಪತ್ತು ದಾಟಿ, ಬೆಟಗೇರಿಯ ಮಗ್ಗದ ಓಣಿಯೊಂದರಲ್ಲಿ ತಂಗಿಯ ಮಗಳ ಸಂಸಾರದ ಜೊತೆ ಇದ್ದಳು. ತೆಳ್ಳಗಿನ ಹೆಂಗಸು. ಮೊಣಕಾಲು ನೋವು ಇದ್ದರೂ ಬೆನ್ನು ಮಾತ್ರ ನೆಟ್ಟಗೆ. ಮಾತಾಡಿದರೆ ಸಣ್ಣ ದನಿ, ಆದರೆ ಹಿತ್ತಲತನಕ ಕೇಳುತ್ತಿತ್ತು.

ಮೊದಲ ದಿನ ಅವಳ ಮನೆಗೆ ಹೋದವರು ನಾನು ಮತ್ತು ರೇಣುಕಾ. ರೇಣುಕಾ ಆಸ್ಪತ್ರೆಯಲ್ಲಿ ನರ್ಸು. ನಮ್ಮಲ್ಲೆಲ್ಲ ಎತ್ತರ, ಆದ್ದರಿಂದ ಅವಳೇ ನಾಯಕ ಎಂದು ಮೊದಲೇ ತೀರ್ಮಾನವಾಗಿತ್ತು. ತುಳಸಕ್ಕನ ಮನೆಯ ಬಾಗಿಲು ಹಾರು ಹೊಡೆದಿತ್ತು, ಬರೀ ಪರದೆ ತೂಗುತ್ತಿತ್ತು. ರೇಣುಕಾ ಮರ್ಯಾದೆಗೆ ಕದದ ಮೇಲೆ ಬೆರಳಿನಿಂದ ಬಡಿದಳು. ಒಳಗೆ ತಂಬಿಗೆ ಬಿದ್ದು ಉರುಳಿದ ಸಪ್ಪಳ. ಪರದೆ ಸರಿಸಿ ಬಂದ ತುಳಸಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ನಮ್ಮಿಬ್ಬರನ್ನು ನೋಡಲಿಲ್ಲ, ನಮ್ಮ ಹಿಂದೆ ಯಾರೋ ನಿಂತಿದ್ದಾರೆಂಬಂತೆ ಓಣಿಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು:

"ಬಡೀಬ್ಯಾಡ್ರಿ ತಂಗಿ. ಹೆಸರ ಹಿಡದ ಕರೀರಿ."

ರೇಣುಕಾ ತನ್ನ ಅತ್ತೆಯ ಟ್ರಂಕಿನಿಂದ ಒಂದು ಹಳೆಯ ನಾಟಕ ತಂದಿದ್ದಳು. ರಟ್ಟಿನ ಮೇಲಿನ ಹೆಸರು ಓದಿದ ತುಳಸಕ್ಕ ಅದನ್ನು ಮಗುಚಿ ಇಟ್ಟಳು. "ಇದು ಬ್ಯಾಡ. ನಗೀ ನಾಟಕಾ ಮಾಡ್ರಿ, ಹೆಣ್ಮಕ್ಕಳ ಬಾಯಾಗ ಚಂದ ಇರ್ತಾವ." ನಾವು ಹಟ ಮಾಡಲಿಲ್ಲ, ನಿರಾಸೆಯಿಂದ ಎದ್ದು ಬಂದೆವು. ಕೆಲವು ದಿನ ಬಿಟ್ಟು ಅವಳೇ ಹೇಳಿಕಳಿಸಿದಳು: ಅದನ್ನೇ ಮಾಡೋಣ, ಆದರೆ ಆಟದ ದಿನ ತಾನು ರಂಗದ ಹಿಂದೆ ನಿಲ್ಲುವುದಿಲ್ಲ, ಮುಂದೆ ಜನರಲ್ಲಿ ಕೂಡುತ್ತೇನೆ. ಯಾಕೆಂದು ಯಾರೂ ಕೇಳಲಿಲ್ಲ. ನಮಗೆ ಬಣ್ಣ ಹಚ್ಚಿಕೊಳ್ಳುವ ಅವಸರ.

ಕತೆ ದೊಡ್ಡದೇನಲ್ಲ. ಮಂದಾಕಿನಿ ಎಂಬ ಹುಡುಗಿ, ಜಯಂತನೆಂಬ ಹಾಡುಗಾರ. ಅವಳ ಅಣ್ಣನಿಗೆ ಈ ಪ್ರೀತಿ ಆಗದು. ಅವನ ಆಳುಗಳು ಜಯಂತನನ್ನು ತುಂಬಿದ ಹೊಳೆಗೆ ನೂಕುತ್ತಾರೆ. ಮಂದಾಕಿನಿಗೆ ಅವನು ಸತ್ತನೆಂದೇ ಸುದ್ದಿ. ಆದರೆ ಎರಡನೆಯ ಅಂಕದ ಕೊನೆಗೆ ಅವನು ದಡ ಹತ್ತುವುದನ್ನು ಪ್ರೇಕ್ಷಕರು ನೋಡಿರುತ್ತಾರೆ. ಮೂರನೆಯ ಅಂಕದಲ್ಲಿ ರಂಗದ ಹಿಂಭಾಗದಲ್ಲಿ ಒಂದು ಮುಚ್ಚಿದ ಬಾಗಿಲು. ಈ ಕಡೆ ವಿಷದ ಬಟ್ಟಲು ಮುಂದಿಟ್ಟುಕೊಂಡು ಮಂದಾಕಿನಿ. ಆ ಕಡೆ ಜಯಂತ. ಆಳುಗಳು ಹತ್ತಿರದಲ್ಲೇ ಇರುವುದರಿಂದ ಅವನು ಕೂಗುವಂತಿಲ್ಲ, ಬಾಗಿಲು ಬಡಿಯಬಹುದು ಅಷ್ಟೇ. ಮೂರು ಸಲ ಬಡಿಯುತ್ತಾನೆ. ಅಣ್ಣನೇ ಬಂದನೆಂದು ತಿಳಿದು ಅವಳು ವಿಷ ಕುಡಿಯುತ್ತಾಳೆ, ಕುಡಿದು ಬಾಗಿಲು ತೆರೆಯುತ್ತಾಳೆ.

ಮಂದಾಕಿನಿಗೆ ಹದಿನಾರು ವರ್ಷ. ಆ ಪಾತ್ರ ನನಗೆ ಬಂತು. ನನ್ನ ಗಾತ್ರ ನೋಡಿದವರಿಗೆ ಇದರಲ್ಲಿ ನಗುವಿಗೇನೂ ಕೊರತೆಯಿರಲಿಲ್ಲ. ಕೊನೆಗೆ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಾದ ರೇಣುಕಾ, "ಟೀಚರ, ಸಾಯೂ ಮುಂದ ಪೂರ್ತಿ ಭಾರ ಬಿಡಬ್ಯಾಡ್ರಿ, ಮರುದಿನಾ ನಂದು ಡ್ಯೂಟಿ ಐತಿ" ಎಂದು ಬೇಡಿಕೊಂಡಳು.

ತುಳಸಕ್ಕನ ಮನೆಯಲ್ಲಿ ನಡೆದ ತಾಲೀಮಿನಲ್ಲಿ ನಾನು ಬಟ್ಟಲು ನೋಡುತ್ತಿದ್ದೆ, ನಿಟ್ಟುಸಿರು ಬಿಡುತ್ತಿದ್ದೆ, ಬಾಗಿಲಿರಬೇಕಾದ ಕಡೆ ನೋಡುತ್ತಿದ್ದೆ, ಎದೆ ಒತ್ತಿಕೊಳ್ಳುತ್ತಿದ್ದೆ. ತುಳಸಕ್ಕ ಬಹಳ ಹೊತ್ತು ಸಹಿಸಿದಳು.

"ಸುಮಾ, ನೀ ಯಾಕ ಬಾಗಲಾ ನೋಡ್ತೀ?"

"ಬಡೀತಾನಲ್ಲಕ್ಕ ಅಲ್ಲಿ."

"ಬಡೀತಾನಂತ ನಿನಗ ಗೊತ್ತೈತಿ. ಮಂದಾಕಿನಿಗೆ ಗೊತ್ತೈತೇನು? ನೀ ಬಾಗಲಾ ನೋಡಿದ್ರ ಜನಾ ನಿನ್ನ ನೋಡ್ತಾರ. ನೀ ನೋಡದ ಇದ್ರ ಅವರು ಬಾಗಲಾ ನೋಡ್ತಾರ. ಅವರ ಜೀವಾ ಬಾಗಲಕ್ಕ ಹತ್ತಬೇಕು. ಎದ್ದ ಬಂದ ತಾವ ತಗೀಬೇಕು ಅನ್ನಸಬೇಕು ಅವರಿಗೆ. ಸರೀಯವಾ, ನಾ ತೋರಸ್ತೀನಿ."

ಅವಳು ನನ್ನ ಜಾಗದಲ್ಲಿ ಕೂತಳು. ಮಧ್ಯಾಹ್ನದ ಹೊತ್ತು. ಪಕ್ಕದ ಮನೆಯ ಮಗ್ಗ ಊಟಕ್ಕೆ ನಿಂತಿತ್ತು. ಅವಳ ಹಿಂದೆ ಇದ್ದದ್ದು ಅಡುಗೆಮನೆಯ ಬರೀ ಗೋಡೆ, ಅಲ್ಲಿ ಬಾಗಿಲೇ ಇರಲಿಲ್ಲ. ತುಳಸಕ್ಕ ಏನೂ ಮಾಡಲಿಲ್ಲ. ಬಟ್ಟಲನ್ನು ಒಮ್ಮೆ ನೋಡಿದಳು. ಸೆರಗಿನ ಅಂಚಿನಿಂದ ಅದರ ಕಂಠ ಒರೆಸಿದಳು, ಯಾರಿಗೋ ಕುಡಿಯಲು ಕೊಡುವಾಗ ಒರೆಸುವಂತೆ. ಆಮೇಲೆ ಸುಮ್ಮನೆ ಕೂತಳು. ಅಷ್ಟೇ. ಸ್ವಲ್ಪ ಹೊತ್ತಿಗೆ ನಾನು ಅವಳನ್ನು ಬಿಟ್ಟು ಗೋಡೆ ನೋಡುತ್ತಿದ್ದೆ. ತಿರುಗಿ ನೋಡಿದರೆ ಎಲ್ಲರೂ ಗೋಡೆಯನ್ನೇ ನೋಡುತ್ತಿದ್ದರು. ಬಡಿಯಬೇಕಾದ ರೇಣುಕಾ ಕೂಡ ಬಡಿಯುವುದನ್ನು ಮರೆತು ಅದನ್ನೇ ದಿಟ್ಟಿಸುತ್ತಿದ್ದಳು. ಆ ಸುಣ್ಣದ ಗೋಡೆಯ ಹಿಂದೆ ಯಾರೋ ಕೈಯೆತ್ತಿ ನಿಂತಿದ್ದಾರೆಂದು ನನಗೆ ಖಾತ್ರಿಯಾಗಿತ್ತು.

"ಆತು, ಇಷ್ಟ" ಎಂದು ತುಳಸಕ್ಕ ಬಟ್ಟಲು ಕೆಳಗಿಟ್ಟಳು.

ಅವತ್ತು ಎಲ್ಲರೂ ಹೋದ ಮೇಲೆ ನಾನು, ರೇಣುಕಾ ಚಹಾಕ್ಕೆ ಉಳಿದೆವು. ನಾನು ಸಹಜವಾಗಿ ಕೇಳಿದೆ: "ಅಕ್ಕಾ, ಆಟದ ದಿನಾ ರೇಣುಕಾ ಬಡಿಯೂದು ಮರತಳಂದ್ರ ನಾ ಏನ ಮಾಡ್ಲಿ?"

ತುಳಸಕ್ಕ ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾ ಪೂರ್ತಿ ಕುಡಿದಳು. "ನಾ ಏನ ಮಾಡಿದೆ ಅನ್ನೂದ ಹೇಳತೀನಿ" ಅಂದಳು.

ಆಗ ಅವಳಿಗೆ ಇಪ್ಪತ್ತರ ಆಸುಪಾಸು. ಕಂಪನಿ ಮುಂಡರಗಿಯಲ್ಲಿ ಬಿಡಾರ ಹಾಕಿತ್ತು. ಇದೇ ನಾಟಕ, ಇದೇ ಅಂಕ. ಮಂದಾಕಿನಿ ಅವಳು. ಜಯಂತನ ಪಾತ್ರ ಮಾಡುತ್ತಿದ್ದವನ ಹೆಸರು ಮಾಧವ, ಶಿರಹಟ್ಟಿಯ ಕಡೆಯವನು. ಇಬ್ಬರೂ ಆ ಬಿಡಾರ ಮುಗಿದ ಮೇಲೆ ಮದುವೆಯಾಗುವವರಿದ್ದರು. ಮಾಲೀಕನೊಬ್ಬನಿಗೆ ಮಾತ್ರ ಹೇಳಿದ್ದರು. ಮಾಧವನಿಗೆ ಎರಡು ದಿನದಿಂದ ಜ್ವರ. ಬೇಡವೆಂದರೂ ಕೇಳದೆ ಸಂಜೆಯ ಆಟಕ್ಕೆ ಬಣ್ಣ ಹಚ್ಚಿದ. ಎರಡನೆಯ ಅಂಕದಲ್ಲಿ ದಡ ಹತ್ತಿ, ಚಪ್ಪಾಳೆ ಗಿಟ್ಟಿಸಿ ಒಳಗೆ ಹೋದ.

"ಮೂರನೇ ಅಂಕಾ ಸುರು ಆತು. ಕುಂತೆ. ಬಟ್ಟಲಾ ಒರಸಿದೆ. ಬಡೀಲಿಲ್ಲ ಅಂವಾ. ಕಚ್ಚಿ ಸಡಲಾಗಿರಬೇಕು, ಕಟ್ಟಿಕೊಂತ ನಿಂತಿರಬೇಕು ಅಂದ್ಕೊಂಡೆ. ಹಾಡಿನ ಒಂದ ನುಡಿ ಮತ್ತ ಹಾಡಿದೆ. ಹಾರ್ಮೋನಿಯಂ ಪೇಟಿ ಮಾಸ್ತರ ನನ್ನ ಮಾರಿ ನೋಡಿ ಹಿಂದ ಹಿಂದ ಬಂದ್ರು. ಹಾಡೂ ಮುಗೀತು. ಬಡೀಲಿಲ್ಲ. ಬಟ್ಟಲಾ ಹಿಡದ ಮಾತಾಡಿದೆ, ನಾಟಕದಾಗ ಇಲ್ಲದ ಮಾತು. ಅಂವಗ ನಾ ಖರೇನ ಏನ ಹೇಳಬೇಕಂತಿದ್ದೆ ಅದನ್ನೆಲ್ಲಾ ಆ ಬಟ್ಟಲಕ್ಕ ಹೇಳಿದೆ. ಜನಾ ಉಸರಾಡೂ ಸಪ್ಪಳ ಸೈತ ಇಲ್ಲ. ಒಂದ ಕೂಸು ಅಳಾಕ ಹತ್ತಿತು, ಅದರ ತಾಯಿ ಬಾಯಿ ಒತ್ತಿ ಹಿಡದ್ಲು. ಬಾಗಲಾ ನೋಡಬಾರದು ಅಂತ ನನಗ ಯಾರೂ ಕಲಿಸಿದ್ದಲ್ಲ ತಂಗಿ. ಅವತ್ತ ನೋಡಾಕ ಧೈರ್ಯಾ ಆಗಲಿಲ್ಲ ನನಗ."

"ಆಮ್ಯಾಲೆ?" ರೇಣುಕಾಳ ದನಿ ಪಿಸುಮಾತಾಗಿತ್ತು.

"ಬಡೀತು. ಕುಡದೆ. ಬಾಗಲಾ ತಗದೆ. ಮಾಲಕ ನಿಂತಿದ್ದ. ಅರ್ಧಾ ಕೋಟಿನಾಗ ಕೈ ಹಾಕ್ಕೊಂಡು, ಮಾಧವನ ಪೇಟಾ ವಾರಿ ಸುತ್ಕೊಂಡು, ಅಳಕೊಂತ ನಿಂತಿದ್ದ. ನನಗ ತಿಳೀತು. ಅವನ ತೊಡಿ ಮ್ಯಾಲ ಬಿದ್ದೆ. ಅಂವಾ ಕಿವ್ಯಾಗ ಅಂದ, 'ತುಳಸಾ, ನಾ ಇನ್ನಾ ಬಡದಿದ್ದಿಲ್ಲ, ನೀ ಹೆಂಗ ತಗದಿ?' "

ಮಾಧವ ಬಣ್ಣದ ಕೋಣೆಯ ಚಾಪೆಯ ಮೇಲೆ ತೀರಿಹೋಗಿದ್ದ.

ಕಂಪನಿ ನಾಟಕ ನೋಡಿದವರಿಗೆ ಗೊತ್ತು, ಜನ ಮೆಚ್ಚಿದರೆ 'ಒನ್ಸ್ ಮೋರ್' ಎಂದು ಕೂಗುತ್ತಾರೆ. ಹಾಡಾದರೆ ಮತ್ತೆ ಹಾಡಬೇಕು, ಸಾವಾದರೆ ಎದ್ದು ಮತ್ತೆ ಸಾಯಬೇಕು. ಅವತ್ತು ಮುಂಡರಗಿಯ ಜನ ಹಿಂದೆಂದೂ ಕಾಣದ ಅಭಿನಯ ಕಂಡಿದ್ದರು. ಕುರ್ಚಿ ಬಡಿದು ಒನ್ಸ್ ಮೋರ್ ಕೂಗಿದರು. ಅವರಿಗೇನು ಗೊತ್ತು?

"ಮಾಲಕ ಪರದಿ ಬಿಡಸ್ತೀನಿ ಅಂದ. ನಾನ ಬ್ಯಾಡಂದೆ. ಎದ್ದ ಹೋಗಿ ಬಾಗಲಾ ಹಾಕಿದೆ. ಮತ್ತ ಬಂದ ಬಟ್ಟಲದ ಮುಂದ ಕುಂತೆ. ಎರಡನೇ ಸಲಾನಾದ್ರೂ ಬಂದಾನು ಅಂತ." ಅವಳು ಖಾಲಿ ಬಸಿಯನ್ನು ಸುತ್ತಿಸಿದಳು. "ಬಡೀಲಿಲ್ಲ. ನಾ ಕುಡೀಲಿಲ್ಲ. ಹಂಗ ಕುಂತೆ. ಆಖರಿಗೆ ಅವರ ಪರದಿ ಬಿಟ್ರು. ಮುಂದ ಆ ಪಾರ್ಟ ಯಾರ ಕೇಳಿದ್ರೂ ಮಾಡಲಿಲ್ಲ."

ನಾವಿಬ್ಬರೂ ಮನೆಗೆ ನಡೆದು ಬಂದೆವು. ದಿನಾ ಸಾವು ನೋಡುವ ರೇಣುಕಾ ಓಣಿಯ ತಿರುವಿನಲ್ಲಿ ನನ್ನ ಕೈ ಹಿಡಿದುಕೊಂಡಳು.

ನಮ್ಮ ಆಟ ನಡೆದದ್ದು ಗದಗಿನ ಒಂದು ಹಳೆಯ ಸಭಾಭವನದಲ್ಲಿ, ರವಿವಾರ ಮಧ್ಯಾಹ್ನ, ಬೇಸಿಗೆಯಲ್ಲಿ. ಕತ್ತಲಾಗಲೆಂದು ಕಿಟಕಿಗಳಿಗೆ ಜಮಖಾನೆ ಕಟ್ಟಿದ್ದೆವು. ಬಂಧುಬಳಗ, ಓಣಿಯ ಜನ, ನನ್ನ ಶಾಲೆಯ ಮಕ್ಕಳು ಬಂದು ಭವನ ತುಂಬಿತ್ತು. ತುಳಸಕ್ಕ ಮಾತಿನಂತೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮೊದಲೆರಡು ಅಂಕ ನಮ್ಮ ಯೋಗ್ಯತೆಗೆ ತಕ್ಕಂತೆ ನಡೆದವು. ನಾನು ಉಯ್ಯಾಲೆಯ ಮೇಲೆ ಕೂತಾಗ ಹಿಂದಿನಿಂದ ಯಾರೋ, "ಹಗ್ಗಾ ಗಟ್ಟಿ ಅದಾವಿಲ್ಲೋ ನೋಡ್ರಿ" ಅಂದದ್ದು ನನಗೂ ಕೇಳಿಸಿತು.

ಮೂರನೆಯ ಅಂಕ. ಕೂತೆ. ಬಟ್ಟಲು ಒರೆಸಿದೆ. ಹಾಡು ಮುಗಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನುಗಳು ಒಂದೊಂದಾಗಿ ನಿಂತವು. ಜಮಖಾನೆಯ ಸಂದಿಯಿಂದ ಬಿಸಿಲಿನ ಕೆಲವು ಗೆರೆ ರಂಗದ ಮೇಲೆ ಬಿದ್ದವು. ಯಾರೂ ಎದ್ದು ಗದ್ದಲ ಮಾಡಲಿಲ್ಲ. ನಾನು ಬಡಿತಕ್ಕೆ ಕಾದೆ. ಬರಲಿಲ್ಲ. ಕತ್ತಲಲ್ಲಿ ರೇಣುಕಾಳಿಗೆ ದಾರಿ ಸಿಕ್ಕಿಲ್ಲವೆಂದು ಮೊದಲು ನಗು ಬಂತು. ಆಮೇಲೆ ನಗು ಹೋಯಿತು. ನನ್ನ ಬೆನ್ನಿಗೆ ಆ ಬಾಗಿಲಿತ್ತು. ಸೆಖೆಯಲ್ಲಿ ನನ್ನ ಹಣೆ ಬೆವರುತ್ತಿತ್ತು, ಬೆನ್ನು ಮಾತ್ರ ತಣ್ಣಗಾಗುತ್ತಿತ್ತು. ಹಿತ್ತಲ ಬಾವಿಯ ಹತ್ತಿರ ಕೂತಾಗ ಆಗುವಂಥ ತಂಪು. ತಿರುಗಿ ನೋಡಬೇಕೆನಿಸಿತು. ನೋಡಬಾರದೆಂದು ಕಲಿಸಿದ್ದಳಲ್ಲ, ನೋಡಲಿಲ್ಲ. ಕಲಿಸಿರದಿದ್ದರೂ ನೋಡುತ್ತಿರಲಿಲ್ಲ. ಮುಂದೆ ನೋಡಿದೆ. ಸಾಲು ಸಾಲು ಮುಖಗಳು, ಒಂದೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲ ಕಣ್ಣೂ ನನ್ನ ಭುಜದ ಮೇಲಿಂದ ಹಿಂದಕ್ಕೆ. ನನ್ನ ಮನೆಯವರ ಬಾಯಿ ತೆರೆದೇ ಇತ್ತು. ತುಳಸಕ್ಕ ಎದ್ದು ನಿಂತಿದ್ದಳು.

ಆಗ ಬಡೀತು. ಒಂದೇ ಸಲ. ಜೋರಾಗಿ ಅಲ್ಲ, ಒಳಗಿನವರು ಎಚ್ಚರಿದ್ದಾರೆಂದು ಗೊತ್ತಿರುವವರು ಬಡಿಯುವಂತೆ.

ಇನ್ನೆರಡು ಬಡಿತಕ್ಕೆ ಕಾದೆ, ಬರಲಿಲ್ಲ. ಬಟ್ಟಲು ಎತ್ತಿ ಕುಡಿದೆ. ಅದರಲ್ಲಿದ್ದದ್ದು ಬೆಲ್ಲದ ನೀರು. ಬಾಯಿಗೆ ರುಚಿಯೇ ಹತ್ತಲಿಲ್ಲ. ಎದ್ದು ಬಾಗಿಲು ತೆರೆದೆ.

ಅಲ್ಲಿ ಯಾರೂ ಇರಲಿಲ್ಲ.

"ಬಂದೆಯಾ ಜಯಂತಾ, ಇಷ್ಟು ತಡವಾಗಿ ಬಂದೆಯಾ?" ಎಂಬುದು ನನ್ನ ಮಾತು. ಆ ಖಾಲಿ ಕತ್ತಲಿಗೇ ಅದನ್ನು ಹೇಳಿದೆ. ನನ್ನ ದನಿ ನನ್ನದೆನಿಸಲಿಲ್ಲ. ಅಷ್ಟರಲ್ಲಿ ಆ ತುದಿಯಿಂದ ಕಚ್ಚೆ ಹಿಡಿದುಕೊಂಡು ಏದುಸಿರು ಬಿಡುತ್ತ ರೇಣುಕಾ ಓಡಿ ಬಂದಳು. ಅವಳ ಕೈಗೆ ಬಿದ್ದೆ, ಪೂರ್ತಿ ಭಾರ ಬಿಟ್ಟೇ ಬಿದ್ದೆ. ಪರದೆ ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ರೇಣುಕಾ ನನ್ನನ್ನು ಎಬ್ಬಿಸುತ್ತ, "ಟೀಚರ, ತಪ್ಪಾತು, ಕತ್ತಲದಾಗ ಪೆಟ್ಟಿಗಿ ಎಡವಿ ಬಿದ್ದಿದ್ದೆ. ನಾ ಬಡಿಯೂಕಿಂತ ಮದ್ಲ ನೀವು ಯಾಕ ತಗದ್ರಿ?" ಅಂದಳು.

"ಬಡದದ್ದ ಕೇಳಿಸ್ತಲ್ಲ" ಅಂದೆ. ಅವಳ ಮುಖ ಬಣ್ಣದ ಕೆಳಗೇ ಬಿಳಿಚಿತು. ಯಾರು ಬಡಿದರೆಂದು ರಂಗದ ಹಿಂದೆ ಇದ್ದವರನ್ನೆಲ್ಲ ಕೇಳಿದೆವು. ಎಲ್ಲರೂ ಜನರೇಟರಿನ ಹತ್ತಿರ ಓಡಿದ್ದರಂತೆ. ಬಿಸಿಲಿಗೆ ಹಲಗೆ ಸಿಡಿದಿರಬೇಕೆಂದು ನನ್ನ ಮನೆಯವರು ಇಂದಿಗೂ ಹೇಳುತ್ತಾರೆ. ಹೇಳುವಾಗ ಮಾತ್ರ ನನ್ನ ಕಣ್ಣು ತಪ್ಪಿಸುತ್ತಾರೆ.

ಜನ ಖಾಲಿಯಾದ ಮೇಲೆ ತುಳಸಕ್ಕ ನನ್ನ ತೋಳು ಹಿಡಿದು ರಂಗ ಹತ್ತಿದಳು.

"ಎಷ್ಟ ಸಲ ಬಡೀತು ಸುಮಾ?"

"ಒಂದ ಸಲ ಅಕ್ಕಾ."

ಅವಳು ತಲೆಯಾಡಿಸಿದಳು. "ಅಂವಾ ಯಾವಾಗಲೂ ಒಂದ ಸಲಾನ ಬಡೀತಿದ್ದ. ಮೂರ ಸಲ ಬಡಿಯೋ ಅಂತ ಮಾಲಕ ಬೈದ ಬೈದ ಸೋತಿದ್ದ. 'ಆಕಿಗೆ ಒಂದ ಸಾಕ' ಅಂತಿದ್ದ."

ಅವಳಿಗೆ ಆ ಅಂಕವನ್ನು ಒಮ್ಮೆ ಮಾಡಬೇಕೆನಿಸಿತ್ತು. ನಮಗೆ ಕೆಳಗೆ ಕೂಡಲು ಹೇಳಿದಳು. ಖಾಲಿ ಕುರ್ಚಿಗಳ ನಡುವೆ ನಾನು, ರೇಣುಕಾ ಕೂತೆವು. ತುಳಸಕ್ಕ ಬಾಗಿಲು ಹಾಕಿ ಬಂದು ಬಟ್ಟಲಿನ ಮುಂದೆ ಕೂತಳು. ಒರೆಸಲಿಲ್ಲ, ಹಾಡಲಿಲ್ಲ. ಸ್ವಲ್ಪ ಹೊತ್ತು ಕೂತವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಯಾವ ಸಪ್ಪಳವೂ ಆಗಿರಲಿಲ್ಲ. ನೆಲಕ್ಕೆ ಕೈಯೂರಿ ಎದ್ದಳು, ಹೋದಳು, ತಾನೇ ಬಾಗಿಲು ತೆರೆದಳು. ಆ ಕಡೆ ಹೆಜ್ಜೆಯಿಟ್ಟು ಮರೆಯಾದಳು.

ನಾವು ಕಾದೆವು. ಅವಳು ತಿರುಗಿ ಬರಲಿಲ್ಲ. ರೇಣುಕಾ ನನ್ನ ಮುಖ ನೋಡಿದಳು. ಇಬ್ಬರೂ ಒಟ್ಟಿಗೇ ಎದ್ದು ರಂಗದ ಹಿಂದೆ ಓಡಿದೆವು. ಅಲ್ಲಿಯೂ ಇರಲಿಲ್ಲ. ಭವನದ ಹಿಂದಿನ ಬಾಗಿಲು ತೆರೆದಿತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಬೀದಿ, ಒಂದು ಟ್ರ್ಯಾಕ್ಟರು. ಎದುರಿನ ಬೇವಿನ ಮರದ ಕೆಳಗೆ ಕಬ್ಬಿನ ಹಾಲಿನ ಗಾಡಿ. ಅದರ ಬೆಂಚಿನ ಮೇಲೆ ತುಳಸಕ್ಕ ಆರಾಮವಾಗಿ ಕೂತಿದ್ದಳು, ಕೈಯಲ್ಲಿ ಗ್ಲಾಸು.

"ಬರ್ರಿ, ಬರ್ರಿ, ಕುಂದರ್ರಿ. ಶುಂಠಿ ಛಲೋ ಹಾಕ್ಯಾನ" ಎಂದು ನಮ್ಮನ್ನು ಕರೆದಳು. ಅವಳ ಮುಖದಲ್ಲಿ ನಾನು ಅಂಥ ಕಳೆಯನ್ನು ಅದಕ್ಕೆ ಮೊದಲು ಕಂಡಿರಲಿಲ್ಲ.

ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಇನ್ನೊಂದು ತುಂಬಿದ ಗ್ಲಾಸಿತ್ತು. ಓಡಿ ಬಂದು ಬಾಯಾರಿದ್ದ ರೇಣುಕಾ ಅದಕ್ಕೆ ಕೈ ಚಾಚಿದಳು. ತುಳಸಕ್ಕ ಮೆಲ್ಲಗೆ ಅವಳ ಮುಂಗೈ ಹಿಡಿದಳು.

"ಅದು ಬ್ಯಾಡ ತಂಗಿ," ಅಂದಳು. "ನಿಮಗ ಬ್ಯಾರೇದ ಹೇಳತೀನಿ."